ತೊಳೆದಷ್ಟೂ ಕೆಂಪಾದ ಕೈ

ತಾಂಡ್ಯದ ಬಿಸ್ಕತ್ತು ಫ್ಯಾಕ್ಟರಿಗೆ ಪ್ಯಾಕಿಂಗ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಕೈ ಒಣಗಿ, ಕೆಂಪಾಗಿ, ಕೆರೆತ ಶುರುವಾಯಿತು. ಸೂಪರ್‌ವೈಸರ್ ಎರಡು ಮಾರು ದೂರ ನಿಂತು, "ಅಂಟುರೋಗ ಕಣಮ್ಮ, ವಾಸಿಯಾಗೋವರೆಗೂ ಕೆಲಸಕ್ಕೆ ಬರಬೇಡ" ಅಂದುಬಿಟ್ಟರು.

ನಂಜನಗೂಡಿನ ಡಾಕ್ಟರು ಬರಿಗೈಲೇ ನನ್ನ ಕೈ ಹಿಡಿದು ನೋಡಿದರು. "ದಿನಕ್ಕೆ ಎಷ್ಟು ಸಲ ತೊಳೀತೀಯಮ್ಮ?"

"ಇಪ್ಪತ್ತು ಸಲ ಸಾ, ಫ್ಯಾಕ್ಟರಿ ರೂಲ್ಸು. ಕೆರೆತ ಬಂದ್ರೆ ಸೋಪುಪುಡಿ ಹಾಕಿ ಇನ್ನೂ ಉಜ್ತೀನಿ" ಅಂದೆ, ಹೆಮ್ಮೆಯಿಂದಲೇ.

"ಆ ಸೋಪೇ ನಿನ್ನ ಕಾಯಿಲೆ. ಇದು ಯಾರಿಗೂ ಅಂಟಲ್ಲ" ಅಂತ ಮುಲಾಮು ಬರೆದುಕೊಟ್ಟರು. ತೊಳೆದಾಗಲೆಲ್ಲ ಒರೆಸಿ ಕೊಬ್ಬರಿ ಎಣ್ಣೆ ಸವರು ಅಂದರು.

ಮೂರು ವಾರಕ್ಕೆ ಕೈ ಬೆಣ್ಣೆಯಂತಾಯಿತು. ಸೂಪರ್‌ವೈಸರ್ ಮೇಜಿನ ಮುಂದೆ ಎರಡೂ ಕೈ ಚಾಚಿ ನಿಂತೆ. ಅವರು ಅತ್ತಿತ್ತ ನೋಡಿ, ಜೇಬಿನಿಂದ ತಮ್ಮ ಕೆಂಪು ಕೈ ತೆಗೆದು, "ಆ ಮುಲಾಮಿನ ಹೆಸರೇನಮ್ಮ?" ಅಂದರು.

ಹೇಳಿದೆ. ಎರಡು ಮಾರು ಹಿಂದೆ ಸರಿದು ನಿಂತು ಹೇಳಿದೆ.