ಪಿಕಾಸಿ ಕಾವಿನ ಮೇಸ್ತ್ರಿ

ಬಂಗಾರಪೇಟೆ ಸ್ಟೇಷನ್ನಿನ ಹಿಂಭಾಗದಲ್ಲಿ ಉದ್ದನೆಯ ತಗಡಿನ ಶೆಡ್ಡೊಂದಿತ್ತು. ಅಲ್ಲಿ ಪಿಕಾಸಿ, ಸಲಿಕೆ, ದೊಡ್ಡ ಸುತ್ತಿಗೆಗಳಿಗೆ ಮರದ ಕಾವು, ಅಂದರೆ ಹಿಡಿ, ತಯಾರಾಗುತ್ತಿತ್ತು. ಮಾಡಿದ್ದರಲ್ಲಿ ಮುಕ್ಕಾಲು ಪಾಲು ಚಿನ್ನದ ಗಣಿಯ ಸ್ಟೋರಿಗೆ ಹೋಗುತ್ತಿತ್ತು. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಲ್ಲಿಗೆ ಸೂಪರ್‌ವೈಸರ್ ಆಗಿ ಸೇರಿದೆ. ವಯಸ್ಸು ಇಪ್ಪತ್ನಾಲ್ಕು. ಬೆಂಗಳೂರಿನಲ್ಲಿ ಎರಡು ವರ್ಷ ಮೆಕ್ಯಾನಿಕಲ್ ಓದಿದ್ದೆ. ಜೇಬಿನಲ್ಲಿ ಪೆನ್ಸಿಲ್ಲು, ತಲೆಯಲ್ಲಿ ದೊಡ್ಡ ದೊಡ್ಡ ಯೋಚನೆ.

ಶೆಡ್ಡು ನಡೆಸುತ್ತಿದ್ದವರು ಒಬ್ಬ ಹೆಂಗಸು. ಗಂಡ ತೀರಿಕೊಂಡ ಮೇಲೆ ಎಲ್ಲರೂ ಮಾರಿಬಿಡಿ ಎಂದಾಗ ಮಾರದೆ ಉಳಿಸಿಕೊಂಡವರು. ಎಲ್ಲರಿಗೂ ಅವರು ಅಮ್ಮನವರು. ಮೊದಲ ದಿನವೇ ನನಗೆ ಹೇಳಿದರು: "ಏನಾದ್ರೂ ಬದಲಾಯಿಸೋಕೆ ಮುಂಚೆ ಒಂದು ತಿಂಗಳು ಸುಮ್ನೆ ನೋಡಪ್ಪ."

ನಾನು ಒಂದು ವಾರ ನೋಡಿದೆ. ಅಷ್ಟರಲ್ಲೇ ತಾಳ್ಮೆ ಮುಗಿದಿತ್ತು.

ಒಂದು ದಿನ ಬೆಳಗ್ಗೆ ದಿಂಡಿಗ ಮರದ ಒಂದು ತುಂಡಿಗೆ ಸೀಮೆಸುಣ್ಣದಿಂದ ಗುರುತು ಹಾಕಿ, ಅದು ಹೋದಲ್ಲೆಲ್ಲ ಅದರ ಹಿಂದೆ ನಡೆದೆ. ಹಿತ್ತಲಿನಲ್ಲಿ ಒಣಗಿದ ಮರ ಮುಂಭಾಗದ ಮೂಲೆಯಲ್ಲಿದ್ದ ಯಂತ್ರದ ಗರಗಸಕ್ಕೆ ಬರುತ್ತಿತ್ತು. ಅಲ್ಲಿ ಸೀಳಿಸಿಕೊಂಡು ಮತ್ತೆ ಹಿಂದೆ, ಕಿಟಕಿಯ ಪಕ್ಕದಲ್ಲಿದ್ದ ಮೇಸ್ತ್ರಿಯ ಮೇಜಿಗೆ. ಅಲ್ಲಿ ಆಕಾರ ಪಡೆದು ಪಕ್ಕದಲ್ಲೇ ಕೂತ ಹೆಂಗಸಿನ ಕೈಗೆ. ಅವಳು ಒಡೆದ ಗಾಜಿನ ಚೂರಿನಿಂದ ಕೆರೆದು ನುಣುಪು ಮಾಡುತ್ತಿದ್ದಳು. ಕೊನೆಗೆ ಎಣ್ಣೆ ತಿಕ್ಕಿಸಿಕೊಳ್ಳಲು ಇನ್ನೊಂದು ಮೂಲೆಗೆ. ಒಂದು ಕಾವು ಗಾಡಿ ಹತ್ತುವುದರೊಳಗೆ ಶೆಡ್ಡನ್ನು ನಾಲ್ಕು ಸಲ ಸುತ್ತುತ್ತಿತ್ತು. ನನಗೆ ನಗುವೂ ಬಂತು, ಉತ್ಸಾಹವೂ ಬಂತು.

ಮುಂದಿನ ಭಾನುವಾರ ನಾಲ್ಕು ಜನರನ್ನು ಕಟ್ಟಿಕೊಂಡು ಎಲ್ಲವನ್ನೂ ಒಂದೇ ಸಾಲಿಗೆ ತಂದೆ. ಮೇಸ್ತ್ರಿಯ ಮೇಜು ಗರಗಸದ ಪಕ್ಕಕ್ಕೆ ಬಂತು. ಬೇರೆ ಬಡಗಿಗಳ ಪಕ್ಕ ಕೂರುತ್ತಿದ್ದ ಇಬ್ಬರನ್ನೂ ಸೇರಿಸಿ, ಕೆರೆಯುವ ಮೂವರು ಹೆಂಗಸರ ನಡುವೆ ಒಂದು ದೊಡ್ಡ ಬುಟ್ಟಿ ಇಟ್ಟು, ಯಾರ ಕೈಗೆ ಯಾವುದು ಸಿಗುತ್ತದೋ ಅದನ್ನು ಮಾಡಲಿ ಎಂದೆ.

ಸೋಮವಾರ ಬಂದ ಮೇಸ್ತ್ರಿ ಬಾಗಿಲಲ್ಲೇ ನಿಂತುಬಿಟ್ಟರು. ಅರವತ್ತು ದಾಟಿದ ಮನುಷ್ಯ. ಕಾಮಸಮುದ್ರದ ಕಡೆಯವರು, ಮನೆಮಾತು ತೆಲುಗು, ವಾರವೆಲ್ಲ ಬಂಗಾರಪೇಟೆಯ ತಂಗಿಯ ಮನೆಯಲ್ಲಿದ್ದು ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗುತ್ತಿದ್ದರು.

"ನನ್ ಜಾಗ ಎಲ್ಲೋಯ್ತು ಸಾಮಿ?"

"ಇಲ್ಲಿ ನೋಡಿ ಮೇಸ್ತ್ರಿ, ಮರ ಕೈಗೇ ಬರುತ್ತೆ. ಒಂದು ಹೆಜ್ಜೆ ನಡೀಬೇಕಾಗಿಲ್ಲ."

"ಮೂವತ್ತೊರ್ಸ ನಡ್ದಿದೀನಿ, ಕಾಲೇನೂ ಸವೆದಿಲ್ಲ," ಎಂದರು. ಹೋಗಿ ಹೊಸ ಜಾಗದಲ್ಲಿ ನಿಂತರು.

ಆ ವಾರ ಕಾವುಗಳ ರಾಶಿ ಹಿಂದೆಂದೂ ಕಾಣದಷ್ಟು ಎತ್ತರ ಬೆಳೆಯಿತು. ನಾನು ಅಮ್ಮನವರನ್ನು ಕರೆದು ತೋರಿಸಿದೆ. ಅವರು ತಲೆಯಾಡಿಸಿದರು, ಅಷ್ಟೇ. ಮುಂದಿನ ವಾರ ಗಣಿಯ ಸ್ಟೋರಿನಿಂದ ಅರ್ಧ ಗಾಡಿ ಕಾವು ವಾಪಸ್ಸು ಬಂತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಪಿಕಾಸಿಯ ಕಣ್ಣಿಗೆ, ಅಂದರೆ ತೂತಿಗೆ, ಸೇರಿಸಿದರೆ ಅಲ್ಲಾಡುತ್ತಿತ್ತು. ಅಂಥ ಕಾವು ಹಿಡಿದು ಗಣಿಯೊಳಗೆ ಇಳಿಯುವವರ ಗತಿ ಏನು ಎಂದು ಸ್ಟೋರಿನವರು ಕೇಳಿ ಕಳಿಸಿದ್ದರು. ಸರಿಯಾದ ಮಾತೇ.

ಬುಡದ ಗುರುತು ನೋಡಿದರೆ ಕೆಟ್ಟ ಕಾವುಗಳೆಲ್ಲ ಮೇಸ್ತ್ರಿಯ ಮೇಜಿನವು. ಮೇಜು ಸರಿಸಿದ ಸಿಟ್ಟಿಗೆ ಹೀಗೆ ಮಾಡುತ್ತಿದ್ದಾರೆ ಎಂದು ನನಗೆ ಅನ್ನಿಸಿಬಿಟ್ಟಿತು. ಎಲ್ಲರ ಎದುರಿಗೇ ಅಂದೆ: "ಇಷ್ಟ ಇಲ್ದಿದ್ರೆ ಬಾಯ್ಬಿಟ್ಟು ಹೇಳಿ ಮೇಸ್ತ್ರಿ. ಬೇಕಂತ ಕೆಲಸ ಕೆಡಿಸ್ಬೇಡಿ."

ಅವರು ಕೈಯಲ್ಲಿದ್ದ ಮರ ಕೆತ್ತುವ ಬಾಚಿಯನ್ನು ನಿಧಾನವಾಗಿ ಮೇಜಿನ ಮೇಲಿಟ್ಟರು. "ಬೇಕಂತ ಕೆಡುಸ್ತೀನಾ? ನಾನಾ?" ಎಂದಷ್ಟೇ ಕೇಳಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಶೆಡ್ಡಿನಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ.

ಊಟದ ಹೊತ್ತಿಗೆ ಅವರ ಪಕ್ಕದಲ್ಲಿ ಕೂತು ಕೆರೆಯುತ್ತಿದ್ದ ಆ ಹೆಂಗಸು ನನ್ನ ಹತ್ತಿರ ಬಂದಳು. ಚಿನ್ನದ ಗಣಿಯ ಮೈಸೂರು ಮೈನ್ಸ್ ಕಡೆಯ ಕಾರ್ಮಿಕರ ಲೈನು ಮನೆಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದಳು. ಗಂಡ ಗಣಿಯಲ್ಲಿ ಕೆಲಸಕ್ಕಿದ್ದ. ಮನೆಮಾತು ತಮಿಳು.

"ಸಾರ್, ಮೇಸ್ತ್ರಿ ತಾತಂಗೆ ಕಣ್ಣಲ್ಲಿ ಪೊರೆ. ಕಿಟಕಿ ಬೆಳಕಿದ್ರೆ ಮಾತ್ರ ಅಷ್ಟೋ ಇಷ್ಟೋ ಕಾಣುತ್ತೆ. ಅಲ್ಲಿ ಗರಗಸದತ್ರ ಕತ್ತಲು ಸಾರ್."

"ಮುಂಚೆ ಯಾಕೆ ಕೆಡ್ತಿರಲಿಲ್ಲ?"

ಅವಳು ಸುತ್ತ ಒಮ್ಮೆ ನೋಡಿದಳು. "ಮುಂಚೇನೂ ಕೆಡ್ತಿತ್ತು. ನಾನು ಗಾಜಲ್ಲಿ ಸರಿ ಮಾಡ್ತಿದ್ದೆ. ಈಗ ಬುಟ್ಟೀಲಿ ಬೇರೆಯೋರ ಕೈಗೆ ಓಗ್ಬುಡುತ್ತೆ. ಅಯ್ಯೋ ಸಾರ್, ಯಾರ್ಗೂ ಸೊಲ್ಲಾದೀಂಗ, ಹೇಳ್ಬೇಡಿ. ಕಣ್ಣು ಕಾಣ್ಸಲ್ಲ ಅಂತ ಮನೆಗೆ ಕಳಿಸ್ಬುಟ್ರೆ ತಾತ ಸತ್ತೇ ಓಯ್ತಾರೆ."

ನಾನು ಶೆಡ್ಡಿನ ಹಿಂದೆ ಹೋಗಿ ಮರದ ದಿಮ್ಮಿಯೊಂದರ ಮೇಲೆ ಕೂತೆ. ಮರದ ತುಂಡಿನ ಹಿಂದೆ ಅಷ್ಟು ದೂರ ನಡೆದವನು, ಇಬ್ಬರು ಮನುಷ್ಯರ ನಡುವೆ ಏನು ನಡೆಯುತ್ತಿದೆ ಎಂದು ಒಂದು ಗಳಿಗೆ ನಿಂತು ನೋಡಿರಲಿಲ್ಲ. ನಾಚಿಕೆಯಾಯಿತು.

ಸಂಜೆ ಮೇಸ್ತ್ರಿಯ ತಂಗಿಯ ಮನೆಗೆ ಹೋದೆ. ಮೇಸ್ತ್ರಿ ಜಗಲಿಯಲ್ಲಿ ಕೂತಿದ್ದರು. "ತಪ್ಪಾಯ್ತು ಮೇಸ್ತ್ರಿ," ಎಂದೆ. ಅವರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಅವರ ತಂಗಿ ಕಾಫಿ ತಂದುಕೊಟ್ಟರು. ಕಣ್ಣಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮರುದಿನ ಅವರ ಮೇಜು ಕಿಟಕಿಗೆ ವಾಪಸ್ಸು ಹೋಯಿತು, ಆ ಹೆಂಗಸೂ ಅದರ ಪಕ್ಕಕ್ಕೆ. ಉಳಿದ ಸಾಲು ಹಾಗೇ ಇರಲಿ ಎಂದೆ. ಅದು ನಿಜಕ್ಕೂ ಒಳ್ಳೆಯದಿತ್ತು, ಅಮ್ಮನವರೂ ಒಪ್ಪಿದರು. ಆದರೆ ಕಿಟಕಿಯ ಬೆಳಕೂ ಎಷ್ಟು ದಿನ ಸಾಕಾದೀತು? ನಾನು ಮೇಸ್ತ್ರಿಗೆ ಹೇಳಿದೆ: "ಗಾಡಿಗೆ ಹೋಗೋ ಮುಂಚೆ ಪ್ರತಿ ಕಾವೂ ನಿಮ್ಮ ಕೈ ದಾಟ್ಕೊಂಡು ಹೋಗ್ಲಿ. ನೀವು ಬೇಡ ಅಂದಿದ್ದು ಹೋಗೋದು ಬೇಡ."

ಅವರ ಮುಖ ಗಂಟಾಯಿತು. "ಮೂಲೇಗ್ ಕೂರುಸ್ತೀಯೇನಪ್ಪಾ?"

"ಒಂದು ನೋಡಿ ಹೇಳಿ," ಎಂದು ನಾನೇ ಆರಿಸಿಟ್ಟಿದ್ದ ಚೆಂದದ ಕಾವೊಂದನ್ನು ಕೊಟ್ಟೆ. ಅವರು ಅದನ್ನು ನೋಡಲೇ ಇಲ್ಲ. ಅಂಗೈಯಲ್ಲಿ ಬುಡದಿಂದ ತುದಿಗೆ ಒಮ್ಮೆ ಎಳೆದು, ತುದಿಯಿಂದ ನಾಲ್ಕು ಬೆರಳು ಕೆಳಗೆ ಹೆಬ್ಬೆರಳು ಒತ್ತಿ, "ಇಲ್ಲಿ ವಂಕ್ರ ಅದೆ," ಎಂದರು. ಡೊಂಕಿದೆಯೇ ಎಂದು ನೂಲು ಹಿಡಿದು ನೋಡಿದೆವು. ಇತ್ತು. ಆ ಹೆಂಗಸು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು.

ಮೇಸ್ತ್ರಿ ಒಪ್ಪಿದರು. ಹಾಗಾದರೆ ಅವರ ಮೇಜಿನಲ್ಲಿ ಯಾರು ನಿಲ್ಲಬೇಕು? ನಾನು ಒಬ್ಬಿಬ್ಬರು ಬಡಗಿಗಳ ಹೆಸರು ಹೇಳಿದೆ. ಮೇಸ್ತ್ರಿ ಕೈ ಬೀಸಿ ತಳ್ಳಿಹಾಕಿದರು. "ಅವರ್ನೆಲ್ಲಾ ತಿದ್ದಾಕೆ ನನ್ ಆಯುಸ್ಸು ಸಾಲ್ದು. ಈಯಮ್ಮ ಆರೊರ್ಸದಿಂದ ನನ್ ತಪ್ಪು ತಿದ್ದವ್ಳೆ. ಇವಳ್ ಕೈಗೆ ಬಾಚಿ ಕೊಡಿ."

ಅವರಿಗೆ ಎಲ್ಲ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಅವಳು ಕಣ್ಣು ತುಂಬಿಕೊಂಡು ಗಾಜಿನ ಚೂರನ್ನೇ ನೋಡುತ್ತ ನಿಂತಳು.

ಹೆಂಗಸು ಬಾಚಿ ಹಿಡಿಯುವುದುಂಟೇ ಎಂದು ಗೊಣಗಿದ ಗರಗಸದವನಿಗೆ ಅಮ್ಮನವರು ಒಂದೇ ಮಾತು ಹೇಳಿದರು: "ಹೆಂಗಸು ಕಾರ್ಖಾನೆ ನಡೆಸಬಹುದಾದ್ರೆ ಅದೂ ಆಗುತ್ತೆ."

ಕಲಿಯಲು ಅವಳಿಗೆ ಒಂದು ಮಳೆಗಾಲ ಹಿಡಿಯಿತು. ವಾಪಸ್ಸು ಬರುವ ಕಾವುಗಳು ಕಡಿಮೆಯಾಗುತ್ತಾ ಹೋಗಿ, ಒಮ್ಮೆ ಒಂದೂ ವಾಪಸ್ಸಾಗದೆ ಇಡೀ ಗಾಡಿ ದಾಟಿಹೋಯಿತು. ಅವಳು ಮೊದಲ ಸಲ ಒಬ್ಬಳೇ ಒಂದು ದಿನದ ಕೆಲಸ ಮುಗಿಸಿದಾಗ ಮೇಸ್ತ್ರಿ ರಾಶಿಯ ಮುಂದೆ ಕೂತು ಒಂದೊಂದನ್ನೇ ಸವರಿ, ಎರಡನ್ನು ಎತ್ತಿ ಪಕ್ಕಕ್ಕಿಟ್ಟರು. ಅವಳು ತಮಿಳಿನಲ್ಲಿ ಜಗಳಕ್ಕೆ ನಿಂತಳು. ಅವರು ತೆಲುಗಿನಲ್ಲಿ ಬೈದರು. ನಾನು ಕನ್ನಡದಲ್ಲಿ ನಡುವೆ ಬಾಯಿ ಹಾಕಲು ಹೋದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, ನೀವು ಸುಮ್ನಿರಿ ಎಂದರು.