ಸೂಜಿಗಳ ಸಾಲು

ಗುರುವಾರ ಮಧ್ಯಾಹ್ನ, ಊಟದ ಪಾತ್ರೆ ತೊಳೆದಿಟ್ಟ ಮೇಲೆ, ಚಳ್ಳಕೆರೆಯ ನಮ್ಮ ಮನೆಯಲ್ಲಿ ಐದು ಜನ ಹೆಂಗಸರು ಕಸೂತಿಗೆ ಕೂರುತ್ತೇವೆ. ಎಲ್ಲರಿಗಿಂತ ಹಿರಿಯರು ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಬರುವ ಅಕ್ಕ. ಅವರ ಗಂಡ ಮನೆಯ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಾರೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಮುಗಿದಾಗ ಅದರ ಒಂದೊಂದು ಎಳೆಗೂ ಹೊಸ ಎಳೆ ತಿರುಚಿ ಸೇರಿಸುವುದು ಅಕ್ಕನ ಕೆಲಸ. ಅದು ಬೆರಳಿಗೇ ಗೊತ್ತು, ಕಣ್ಣು ಬೇಡ ಎನ್ನುತ್ತಿದ್ದರು. ನಾನದನ್ನು ಹೆಮ್ಮೆಯ ಮಾತೆಂದುಕೊಂಡಿದ್ದೆ.

ಈ ವರ್ಷ ನಾವು ಕೈಗೆತ್ತಿಕೊಂಡದ್ದು ಅಕ್ಕನ ಮಗಳ ಮದುವೆಯ ರವಿಕೆ. ತೋಳುಗಳು ನಮ್ಮ ಪಾಲಿಗೆ, ಬೆನ್ನಿನ ನವಿಲು ಅಕ್ಕನ ಪಾಲಿಗೆ. ಅಕ್ಕ ನಮ್ಮೆದುರು ದಾರ ಪೋಣಿಸಿದ್ದನ್ನು ನಾನು ನೋಡಿಲ್ಲ. ಮನೆಯಲ್ಲೇ ಮಗಳ ಕೈಯಿಂದ ಹದಿನೈದಿಪ್ಪತ್ತು ಸೂಜಿಗಳಿಗೆ ಬಣ್ಣಬಣ್ಣದ ದಾರ ಪೋಣಿಸಿಕೊಂಡು, ಬಿಳಿ ಬಟ್ಟೆಗೆ ಸಾಲಾಗಿ ಚುಚ್ಚಿ ತರುತ್ತಿದ್ದರು. ಹೊತ್ತು ಉಳಿಯುತ್ತದಂತೆ.

ಆ ಗುರುವಾರ ಅಕ್ಕ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಾಗ ಆ ಸಾಲು ನನ್ನ ಕಣ್ಣಿಗೆ ಬಿತ್ತು. ಹಸಿರಿನ ಪಕ್ಕ ಕೆಂಪು, ಅದರ ಪಕ್ಕ ಮತ್ತೆ ಹಸಿರು. ಕಾನ್ವೆಂಟಿನಲ್ಲಿ ಹೊಲಿಗೆ ಕಲಿಸಿದ ಸಿಸ್ಟರ್, ತಿಳಿಬಣ್ಣದಿಂದ ಗಾಢಬಣ್ಣಕ್ಕೆ ಜೋಡಿಸದ ದಾರ ಕಂಡರೆ ಪೆಟ್ಟಿಗೆಯನ್ನೇ ಬೋರಲು ಹಾಕುತ್ತಿದ್ದರು. ಅಕ್ಕನಿಗೊಂದು ಉಪಕಾರವಾಗಲಿ ಎಂದು ಸೂಜಿಗಳನ್ನೆಲ್ಲ ಕಿತ್ತು, ಬಣ್ಣದ ಪ್ರಕಾರ ಚುಚ್ಚಿಟ್ಟೆ.

ಅಕ್ಕ ಬಂದು ಕೂತರು. ಎಡಗೈ ಹೆಬ್ಬೆರಳು ಸೂಜಿಗಳ ತಲೆಯ ಮೇಲೆ ಎಣಿಸುವ ಹಾಗೆ ಹರಿದು ಒಂದು ಕಡೆ ನಿಂತಿತು. ನೋಡಿದ್ದೆ, ಆದರೂ ಹೊಳೆಯಲಿಲ್ಲ. ಊರಾಚೆಯ ಕಾವಲಿನ ಹುಲ್ಲುಬಯಲ ಕಡೆಯ ಗಾಳಿಗೆ ಕಿಟಕಿ ಬಡಿದುಕೊಳ್ಳುತ್ತಿತ್ತು, ಚಿಲಕ ಹಾಕಿ ಬಂದೆ. ಅರ್ಧ ಗಂಟೆ ಕಳೆದಿರಬೇಕು, ಅಕ್ಕನನ್ನು ಆಪಾ ಎಂದೇ ಕರೆಯುವ ಪಕ್ಕದ ಬೀದಿಯ ಮೆಕ್ಯಾನಿಕ್‌ನ ಹೆಂಡತಿ ಅವರ ಕಡೆ ಬಗ್ಗಿ ನೋಡಿ ನಕ್ಕಳು.

"ಆಪಾ, ನಿಮ್ಮ ನವಿಲು ಪಾನ್ ತಿಂದೈತೇನು? ಕುತ್ತಿಗೆಯೆಲ್ಲಾ ಕೆಂಪಗಾಗೈತೆ."

ಎಲ್ಲರೂ ನಕ್ಕೆವು. ಅಕ್ಕನೂ ನಕ್ಕರು, ಆದರೆ ನಮ್ಮ ನಗು ಮುಗಿದ ಮೇಲೆ. ಆಮೇಲೆ ಅವರ ಬೆರಳು ನವಿಲಿನ ಕುತ್ತಿಗೆಯ ಮೇಲೆ ಹೋಯಿತು, ಅಲ್ಲಿಂದ ಸೂಜಿಗಳ ಸಾಲಿಗೆ ಬಂತು. ಮುಖದ ಬಣ್ಣವೇ ಇಳಿದುಹೋಯಿತು.

ಸಂಜೆ ಅಕ್ಕನನ್ನು ಬಸ್ ಸ್ಟ್ಯಾಂಡಿಗೆ ಬಿಡಲು ನಾನೊಬ್ಬಳೇ ಹೋದೆ. ದಾರಿಯುದ್ದಕ್ಕೂ ನನ್ನ ತೋಳು ಹಿಡಿದಿದ್ದರು. ಹಿಂದೆಯೂ ಹಿಡಿಯುತ್ತಿದ್ದರು, ಅದನ್ನು ಸಲುಗೆ ಎಂದುಕೊಂಡಿದ್ದೆ.

"ಸಾಲು ನೀನು ಬದಲಾಯಿಸಿದ್ಯೇನಮ್ಮಾ?"

ಹೌದೆಂದೆ.

"ವರ್ಷದ ಮೇಲಾತು, ಬಣ್ಣ ತಿಳೀವಲ್ದು. ಮೊದಲು ಪಕ್ಕದ್ದು ಕಾಣ್ತಿರ್ಲಿಲ್ಲ, ಈಗ ಎದುರಿದ್ದುದೂ ಮಸುಕು. ನಮ್ಮವ್ವಂಗೂ ಹಿಂಗೇ ಶುರುವಾಗಿತ್ತು. ಕಡೇಗೆ ಏನೂ ಕಾಣ್ತಿರ್ಲಿಲ್ಲ ಆಕೀಗೆ."

ಈಗಲೇ ಕಣ್ಣಿನ ಡಾಕ್ಟರ ಹತ್ತಿರ ಹೋಗೋಣ ಎಂದೆ. ಅಕ್ಕ ನನ್ನ ತೋಳನ್ನು ಬಿಗಿಯಾಗಿ ಒತ್ತಿದರು.

"ಮದುವೆ ಆಗ್ಲಿ. ಮನೆತನದಾಗೇ ಕಣ್ಣಿನ ಕಾಯಿಲೆ ಐತಂತ ಬೀಗರ ಕಿವಿಗೆ ಬಿದ್ರೆ ಹುಡುಗೀನ ಬಿಟ್ಟು ಹೋಗ್ತಾರೆ. ನನ್ನ ಮಗಳಿಗೂ ಹೇಳ್ಬ್ಯಾಡ."

ಹೇಳುವುದಿಲ್ಲವೆಂದು ಮಾತು ಕೊಟ್ಟೆ. ಯಾರಿಗೂ ಎದುರಾಡದೆ ಬೆಳೆದವಳು ನಾನು. ಮನೆಗೆ ಬಂದು ಕೆಂಪು ದಾರ ಬಿಚ್ಚಿ ಹಸಿರು ತುಂಬಿದೆ. ಮುಂದಿನ ಮೂರು ಗುರುವಾರ ಅಕ್ಕ ಬರಲಿಲ್ಲ, ನೆಗಡಿ ಎಂದು ಫೋನು ಬಂತು. ಆ ಮೂರು ವಾರವೂ ನಾನು ಬಾಯಿ ಬಿಡಲಿಲ್ಲ.

ನಾಲ್ಕನೆಯ ವಾರ ರವಿಕೆ ಒಯ್ಯಲು ಮಗಳೇ ಬಂದಳು. ಒಳ್ಳೆ ನಗುಮುಖದ ಹುಡುಗಿ. ನವಿಲನ್ನು ಬೆಳಕಿಗೆ ಹಿಡಿದು, ಅವ್ವನ ಕೈಯಂದ್ರೆ ಕೈ ಎಂದಳು. ರವಿಕೆ ಮಡಚುವಾಗ ಅದರಲ್ಲಿ ಉಳಿದುಹೋಗಿದ್ದ ಸೂಜಿಯೊಂದು ಕೆಳಗೆ ಬಿತ್ತು. ಸದ್ದು ಅವಳಿಗೂ ಕೇಳಿಸಿತು. ಕೂತು ಹುಡುಕತೊಡಗಿದಳು.

ಸೂಜಿ ಅವಳ ಬಲಪಾದದ ಪಕ್ಕದಲ್ಲೇ, ಗೇಣು ದೂರದಲ್ಲಿ, ಬಿಸಿಲಿಗೆ ಹೊಳೆಯುತ್ತಿತ್ತು. ಅದಕ್ಕಿದ್ದ ಹಸಿರು ದಾರವೂ ಕಾಣುತ್ತಿತ್ತು. ಅವಳು ಎದುರಿನ ನೆಲವನ್ನೇ ದಿಟ್ಟಿಸುತ್ತ, ಎರಡೂ ಅಂಗೈಯಿಂದ ತಡವುತ್ತಿದ್ದಳು.

"ಎಲ್ಲಿ ಹೋತು ಆಂಟಿ? ಇತ್ತೀಚೆಗೆ ಬಿದ್ದದ್ದು ಒಂದೂ ಸಿಗವಲ್ದು ನಂಗೆ."

ಅವಳ ಎದುರು ನೆಲದ ಮೇಲೆ ಕೂತೆ. ತಡವುತ್ತಿದ್ದ ಆ ಎರಡೂ ಕೈಗಳನ್ನು ಹಿಡಿದುಕೊಂಡು, ನಾಳೆ ಮೊದಲ ಬಸ್ಸಿಗೆ ಅವ್ವನನ್ನು ಕರೆದುಕೊಂಡು ಬಾ, ಇಬ್ಬರೂ ಕಣ್ಣು ತೋರಿಸಬೇಕು ಎಂದೆ. ಅವಳ ನಗು ನಿಂತಿತು. ಯಾಕೆಂದು ಕೇಳಿದಳು. ಅಕ್ಕನಿಗೆ ಕೊಟ್ಟ ಮಾತನ್ನು ಆಗ ಮುರಿದೆ.