ಡಿಸ್‌ಚಾರ್ಜರ್ ಆರಿಸಿದ್ದು

ಖಾನಾಪುರದಲ್ಲಿ ಮಳೆ ಬಂದು ನಮ್ಮ ರಿಮೋಟ್ ಕಾರುಗಳ ಓಟ ನಿಂತಿತು. ತುಂಬಿದ ಬ್ಯಾಟರಿಯನ್ನು ಹಾಗೆಯೇ ಎತ್ತಿಟ್ಟರೆ ಕೆಡುತ್ತದೆ, ಅರ್ಧಕ್ಕೆ ಇಳಿಸಬೇಕು. ಆ ಕೆಲಸಕ್ಕೆ ನನ್ನ ಬಳಿ ಜೀಪಿನ ಹೆಡ್‌ಲೈಟ್ ಬಲ್ಬೊಂದಿತ್ತು. ಸಂಜೆ ಗೆಳೆಯನ ಮನೆಯಲ್ಲಿ ಅದನ್ನು ಬ್ಯಾಟರಿಗೆ ಜೋಡಿಸಿ ಹಚ್ಚಿ ಕೂತಿದ್ದಾಗ ಕರೆಂಟು ಹೋಯಿತು. ಅವನ ತಾಯಿ ಅಕ್ಕಿಯ ಮೊರ ಹಿಡಿದು ಆ ಬೆಳಕಿಗೆ ಬಂದರು. ಬ್ಯಾಟರಿ ಅರ್ಧಕ್ಕೆ ಇಳಿದಾಗ ನಾನು ಬಲ್ಬಿನತ್ತ ಕೈ ಚಾಚಿದೆ.

"ಆರಸಬ್ಯಾಡೋ ತಮ್ಮಾ, ಅಕ್ಕಿ ಹಸನ ಮಾಡಾಕತ್ತೇನಿ," ಎಂದರು.

ಕೈ ಹಿಂದೆಗೆದೆ. ಅವರು ಕಲ್ಲು ಆರಿಸಿ ಮುಗಿಸುವಷ್ಟರಲ್ಲಿ ಬ್ಯಾಟರಿ ಪೂರ್ತಿ ಬರಿದಾಗಿ, ಉಬ್ಬಿ ಕೆಟ್ಟಿತ್ತು.

ಮರುವಾರ ಬೆಳಗಾವಿಯಲ್ಲಿ, ಬ್ಯಾಟರಿ ಇಳಿಸಲೆಂದೇ ಇರುವ ಡಿಸ್‌ಚಾರ್ಜರ್ ಕೊಳ್ಳಲು ಹೋದೆ. ಅಂಗಡಿಯವರು ವೇಗ, ಪರದೆ, ಬಣ್ಣ ಎಂದೆಲ್ಲ ತೋರಿಸಿದರು. ಅರ್ಧಕ್ಕೆ ತಾನಾಗಿ ನಿಲ್ಲುತ್ತದೆಯೇ ಎಂಬುದೊಂದನ್ನೇ ಕೇಳಿ, ನಿಲ್ಲುವಂಥದ್ದನ್ನು ಆರಿಸಿದೆ. ಮತ್ತೆ ಖಾನಾಪುರಕ್ಕೆ ಹೋದಾಗ ಗೆಳೆಯನ ತಾಯಿಗೂ ತೋರಿಸಿದೆ.

"ಇದರಾಗ ಬೆಳಕ ಎಲ್ಲಿ ಬರ್ತೈತಿ?"

"ಬೆಳಕ ಇಲ್ರಿ ಕಾಕೂ. ಕರೆಂಟೆಲ್ಲಾ ಬಿಸಿ ಗಾಳಿ ಆಗಿ ಹೋಗ್ತೈತಿ."

ಅವರು ಅದರ ಫ್ಯಾನಿನ ಮುಂದೆ ಅಂಗೈ ಹಿಡಿದು ನೋಡಿದರು.

"ಮುಂದಿನ ಸಲ ಆರಸಾಕ ನನ್ನ ಕರಕೊಂಡು ಹೋಗಪ್ಪಾ."